ಶಿವಶರಣೆ ಆಯ್ದಕ್ಕಿ ಲಕ್ಕಮ್ಮ

ಲೋಕದಲ್ಲಿ ಮನುಷ್ಯನು ತನ್ನ ಹೆಸರಿನೊಡನೆ ಮನೆತನವನ್ನೋ ಪದವಿಯನ್ನೋ ಬಿರುದನ್ನೋ ಸೇರಿಸಿಕೊಳ್ಳಲು ಹಂಬಲಿಸುವನು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಾದರೋ ಮಾಡುವ ಕಾಯಕವೇ ಬಿರುದಾಯಿತು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಮುಂತಾದ ಹೆಸರುಗಳನ್ನು ಉಚ್ಚರಿಸುವಾಗಲೇ ಅವರ ಕೈಯ ಕೆಲಸವೂ ಕಣ್ಣೆದುರಿಗೆ ಬಂದು ನಿಲ್ಲುವುದು. ಈ ಗೌರವವು ಪುರುಷರಿಗೆ ಮಾತ್ರ ಮೀಸಲಾಗಿರಲಿಲ್ಲ. ನೂಲುವ ಕಾಯಕದ ಕದಿರ ರೆಮ್ಮವ್ವೆ, ಕುಟ್ಟುವ ಕಾಯಕದ ಕೊಟ್ಟಣದ ಸೋಮಮ್ಮ ಇವರೆಲ್ಲರೂ ತಮ್ಮ ದುಡಿಮೆಯಿಂದಲೇ ಹೆಸರಾದವರು. ಈ ಪುಣ್ಯವತಿಯರ ಸಾಲಿನಲ್ಲಿ, ನೆಲಕ್ಕೆ ಬಿದ್ದ ಅಕ್ಕಿಯ ಕಾಳುಗಳಿಂದಲೇ ತನ್ನ ಹೆಸರನ್ನು ಶಾಶ್ವತಗೊಳಿಸಿದವಳು ಮಹಾಶರಣೆ ಆಯ್ದಕ್ಕಿ ಲಕ್ಕಮ್ಮ.

ಲಕ್ಕಮ್ಮನು ಅರಮನೆಯಲ್ಲಿ ಹುಟ್ಟಿದವಳಲ್ಲ. ಶಾಸ್ತ್ರಾಧ್ಯಯನದಿಂದ ಪಂಡಿತೆಯೆನಿಸಿದವಳೂ ಅಲ್ಲ. ಆಕೆಯ ಪತಿಯಾದ ಮಾರಯ್ಯನೂ ಆಕೆಯೂ ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಅಮರೇಶ್ವರ ಕ್ಷೇತ್ರದವರೆಂದು ಪರಂಪರೆಯು ಹೇಳುತ್ತದೆ. ಆ ಊರಿನ ದೈವವೇ ದಂಪತಿಗಳ ವಚನಾಂಕಿತದಲ್ಲಿಯೂ ನೆಲೆಗೊಂಡಿದೆ. ಮಾರಯ್ಯನ ಅಂಕಿತವು ಅಮರೇಶ್ವರಲಿಂಗ. ಲಕ್ಕಮ್ಮನ ಅಂಕಿತವು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಪತಿಯ ಹೆಸರನ್ನು ಅಂಕಿತದಲ್ಲಿ ಧರಿಸಿದ ಈ ತಾಯಿಯು ಆ ಪತಿಯೇ ದಾರಿ ತಪ್ಪಿದಾಗ ತಿದ್ದಲು ಹಿಂಜರಿಯಲಿಲ್ಲ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದವರಿಗೆ ಮಾತ್ರ ಲಕ್ಕಮ್ಮನ ಜೀವನದ ಮರ್ಮವು ತಿಳಿಯುವುದು.

ಬಸವಣ್ಣನವರು ಕಳಚುರಿ ಬಿಜ್ಜಳನ ಭಂಡಾರಿಗಳಾಗಿದ್ದ ಕಾಲವದು. ಕಲ್ಯಾಣದಲ್ಲಿ ಜಾತಿ, ಕುಲ, ಸಿರಿತನ, ಬಡತನಗಳ ಭೇದವಿಲ್ಲದೆ ಶರಣರ ಸಂಘವು ಬೆಳೆಯುತ್ತಿರುವ ವಾರ್ತೆಯು ದೂರ ದೂರಕ್ಕೆ ಹರಡಿತ್ತು. ಈ ವಾರ್ತೆಯನ್ನು ಕೇಳಿ ನಾನಾ ದಿಕ್ಕುಗಳಿಂದ ಭಕ್ತರು ಬಂದರು. ಮಾರಯ್ಯ ಮತ್ತು ಲಕ್ಕಮ್ಮ ಇವರೂ ಹಾಗೆಯೇ ಬಂದವರು. ಅವರು ಬಂದದ್ದು ಆಶ್ರಯವನ್ನು ಬೇಡುವುದಕ್ಕಲ್ಲ. ಬಸವಣ್ಣನವರ ಮಹಾಮನೆಯಲ್ಲಿ ನಿತ್ಯವೂ ಅಸಂಖ್ಯಾತ ಜಂಗಮರಿಗೆ ದಾಸೋಹ ನಡೆಯುತ್ತಿತ್ತು. ಬೇಡಿದ್ದರೆ ಈ ಇಬ್ಬರಿಗೆ ಅಲ್ಲಿ ಅನ್ನಕ್ಕೆ ಕೊರತೆಯೇನಿತ್ತು? ಆದರೆ ಅವರು ಪಂಕ್ತಿಯಲ್ಲಿ ಉಣ್ಣಲು ಕೂಡಲಿಲ್ಲ. ಮಹಾಮನೆಯ ಅಂಗಳದಲ್ಲಿ ಉದುರಿಬಿದ್ದ ಅಕ್ಕಿಯನ್ನು ಆಯ್ದು ತಂದು, ಅದರಿಂದ ಅಡಿಗೆ ಮಾಡಿ, ಜಂಗಮರಿಗೆ ನೀಡಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವುದೇ ಅವರ ನಿತ್ಯವ್ರತವಾಯಿತು.

ಈ ಕಾಯಕದ ಸ್ವರೂಪವನ್ನು ವಿಜಯಪುರ ಸೀಮೆಯ ಗೃಹಸ್ಥರಿಗೆ ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಜೋಳದ ಸುಗ್ಗಿಯಾದ ಮೇಲೆ ಹೊಲದಲ್ಲಿ ಹಕ್ಕಲು ಆಯುವುದನ್ನು ಕಾಣದವರು ಈ ನಾಡಿನಲ್ಲಿ ವಿರಳ. ಬಾಗಿದ ಬೆನ್ನು ನೆಟ್ಟಗಾಗುವುದೇ ಇಲ್ಲ; ಕಣ್ಣು ಮಣ್ಣಿನಿಂದ ಅಗಲುವುದಿಲ್ಲ; ದಿನವೆಲ್ಲ ಆಯ್ದರೂ ಉಡಿ ತುಂಬುವುದು ಕಷ್ಟ. ಲೋಕದ ಕಣ್ಣಿಗೆ ಇದು ತೀರ ಕೆಳಗಿನ ದುಡಿಮೆ. ಆದರೆ ಶರಣಧರ್ಮದ ದೃಷ್ಟಿಯಲ್ಲಿ ಇದಕ್ಕೂ ಭಿಕ್ಷೆಗೂ ಬಹಳ ಅಂತರವುಂಟು. ಭಿಕ್ಷೆಯು ಪರರ ಕೈಯಿಂದ ಬರುವುದು. ಆಯ್ದ ಕಾಳು ತನ್ನ ಶ್ರಮದಿಂದ ಬರುವುದು. ತುಳಿದು ಮಣ್ಣಾಗಿ ಹೋಗಬೇಕಾಗಿದ್ದ ಕಾಳು ಈ ದಂಪತಿಗಳ ಕೈಸೇರಿ ಜಂಗಮಪ್ರಸಾದವಾಗುತ್ತಿತ್ತು. ಹಾಗೆಂದೇ ಆ ಕೆಲಸವು ಕಾಯಕವೆನಿಸಿತು.

ಅಂಗಳದಲ್ಲಿ ಅಕ್ಕಿಯನ್ನು ಆಯುವವನು ಮಾರಯ್ಯ. ತಂದುದನ್ನು ಬರಮಾಡಿಕೊಂಡು ದಾಸೋಹಕ್ಕೆ ಅಣಿಗೊಳಿಸುವವಳು ಲಕ್ಕಮ್ಮ. ನೆಲದಿಂದ ಬಂದ ಅಕ್ಕಿಯಲ್ಲಿ ಕಲ್ಲು ಮಣ್ಣು ಇರುವುದು ಸಹಜ. ಅದನ್ನು ಕೇರಿ, ಹಸನು ಮಾಡಿ, ಇಂದಿನ ದಾಸೋಹಕ್ಕೆ ಎಷ್ಟು ಬೇಕೆಂದು ಅರಿತು ಅಡಿಗೆ ಮಾಡುವವಳಿಗೆ ಆ ಅಕ್ಕಿಯ ಅಳತೆಯು ಅಂಗೈಯ ರೇಖೆಯಂತೆ ಪರಿಚಿತವಾಗಿತ್ತು. ಕೆಲಸದ ಒಳಹೊರಗನ್ನು ಬಲ್ಲವರಿಗೇ ಆ ಕೆಲಸದ ನ್ಯಾಯವನ್ನು ಹೇಳುವ ಅಧಿಕಾರವಿರುವುದು. ಲಕ್ಕಮ್ಮನಿಗೆ ಅಂಥ ಅಧಿಕಾರವನ್ನು ಯಾವ ದೊರೆಯೂ ಕೊಟ್ಟಿರಲಿಲ್ಲ. ಆಕೆಯ ನಿತ್ಯದ ಮೊರವೇ ಕೊಟ್ಟಿತ್ತು.

ಈ ಮನೆಯ ಕಥೆಯು ಗೂಳೂರ ಸಿದ್ಧವೀರಣಾರ್ಯರ ಶೂನ್ಯಸಂಪಾದನೆಯಲ್ಲಿ ಸಂವಾದರೂಪವಾಗಿ ಬಂದಿದೆ. ಅದರ ಸಾರ ಹೀಗಿರುವುದು.

ಒಂದು ದಿನ ಮಾರಯ್ಯನು ಅನುಭಾವಗೋಷ್ಠಿಯಲ್ಲಿ ಕುಳಿತನು. ಅಲ್ಲಮಪ್ರಭುದೇವರ ಸನ್ನಿಧಿ, ಕಾಯಕದ ನೆಲೆ ಯಾವುದು, ಅದಕ್ಕೂ ಮೀರಿದ ಅರಿವು ಯಾವುದು ಎಂಬ ಗಹನವಾದ ಚರ್ಚೆ. ಮಾತಿನ ರುಚಿಯಲ್ಲಿ ಮಾರಯ್ಯನಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಅಕ್ಕಿಯನ್ನು ಆಯುವ ಸಮಯವು ಮೀರಿತು. ಮನೆಯಲ್ಲಿ ದಾಸೋಹಕ್ಕೆ ಸಿದ್ಧಳಾಗಿ ಕಾದಿದ್ದ ಲಕ್ಕಮ್ಮನು ಪತಿಯನ್ನು ಎಚ್ಚರಿಸಿದಳು. ಕಾಯಕವು ನಿಂತುಹೋಯಿತಲ್ಲ, ತಡಮಾಡದೆ ಹೋಗಿ ಅಕ್ಕಿಯನ್ನು ತರಬೇಕೆಂದು ಆಕೆಯು ಸೂಚಿಸಿದಳು.

ಇದು ಅಲ್ಪ ಸಂಗತಿಯೆಂದು ಯಾರೂ ಭಾವಿಸಲಾಗದು. ಮಾರಯ್ಯನು ಕುಳಿತದ್ದು ಹರಟೆಯ ಕಟ್ಟೆಯ ಮೇಲಲ್ಲ, ಜ್ಞಾನಿಗಳ ಸಭೆಯಲ್ಲಿ. ಅಂಥ ಸಭೆಯಿಂದ ಎಬ್ಬಿಸುವುದಕ್ಕೆ ಯಾರಾದರೂ ಅಳುಕುವರು. ದೊಡ್ಡವರ ಮಾತಿನ ನಡುವೆ ಅಕ್ಕಿಯ ಮಾತೇಕೆಂದು ಬೇರೊಬ್ಬರಾದರೆ ಸುಮ್ಮನಾಗುತ್ತಿದ್ದರು. ಲಕ್ಕಮ್ಮನು ಅಳುಕಲಿಲ್ಲ. ಬ್ರಹ್ಮಜ್ಞಾನದ ಮಾತು ಎಷ್ಟೇ ಎತ್ತರದ್ದಾದರೂ ಹಸಿದು ಬರುವ ಜಂಗಮನಿಗೆ ಮಾಡಿದ ಸಂಕಲ್ಪವನ್ನು ಅದು ತಪ್ಪಿಸಬಾರದೆಂಬುದು ಆಕೆಯ ನಿಲುವು. ಗುರುದರ್ಶನವನ್ನಾಗಲಿ ಲಿಂಗಪೂಜೆಯನ್ನಾಗಲಿ ಜಂಗಮಸೇವೆಯನ್ನಾಗಲಿ ಕಾಯಕದ ಹೊತ್ತಿನಲ್ಲಿ ಮರೆಯಬೇಕಾದೀತು, ಕಾಯಕ ಕೈಲಾಸಗಳು ಬೇರೆಯಲ್ಲವೆಂಬ ಪ್ರಸಿದ್ಧ ಅಭಿಪ್ರಾಯವು ಮಾರಯ್ಯನ ವಚನದಲ್ಲಿಯೇ ಬಂದಿದೆ. ಇಂದು ಕಚೇರಿಗಳ ಗೋಡೆಗಳ ಮೇಲೂ ಶಾಲೆಗಳ ಬಾಗಿಲುಗಳ ಮೇಲೂ ಬರೆದಿರುವ ಆ ತತ್ತ್ವವನ್ನು ಓದುವವರು, ಅದನ್ನು ನುಡಿದ ಮನೆಯಲ್ಲಿ ಕಾಯಕದ ವೇಳೆಯನ್ನು ನೆನಪಿಸಿದವಳು ಮಡದಿಯೆಂಬುದನ್ನು ಮರೆಯಬಾರದು.

ಮಡದಿಯ ಮಾತಿಗೆ ಎಚ್ಚೆತ್ತ ಮಾರಯ್ಯನು ಮಹಾಮನೆಯ ಅಂಗಳಕ್ಕೆ ತ್ವರೆಯಿಂದ ಹೋದನು. ಅಂದು ಅಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಚೆಲ್ಲಿತ್ತು. ಈ ದಂಪತಿಗಳ ನಿಷ್ಠೆಯನ್ನು ಲೋಕಕ್ಕೆ ತೋರಿಸಬೇಕೆಂದು ಬಸವಣ್ಣನವರೇ ಹಾಗೆ ಚೆಲ್ಲಿಸಿದರೆಂದು ಭಕ್ತಜನರು ಹೇಳುವುದುಂಟು. ಹೇಗಾದರಾಗಲಿ, ತಡವಾದ ಗಡಿಬಿಡಿಯಲ್ಲಿ ಮಾರಯ್ಯನು ಕಂಡುದನ್ನೆಲ್ಲ ಬಾಚಿ ತುಂಬಿಕೊಂಡು ಮನೆಗೆ ತಂದನು. ಹೆಚ್ಚು ತಂದದ್ದಕ್ಕೆ ಮಡದಿಯು ಸಂತೋಷಪಡುವಳೆಂದು ಅವನು ಎಣಿಸಿದ್ದರೆ ಅದು ಸಂಸಾರಿಗಳಿಗೆ ಸಹಜವಾದ ಎಣಿಕೆ.

ಲಕ್ಕಮ್ಮನು ಅಕ್ಕಿಯನ್ನು ನೋಡಿದಳು; ನೋಡಿದೊಡನೆ ಅಳತೆ ಮೀರಿತೆಂದು ಅರಿತಳು. ನಾಳೆಗೂ ಆಗಲಿ ಎಂದು ಅದನ್ನು ತೆಗೆದಿಡಲಿಲ್ಲ. ಈ ಹೆಚ್ಚಳಕ್ಕೆ ಕಾರಣವೇನು, ಇದು ಪತಿಯ ಮನಸ್ಸಿನಲ್ಲಿ ಮೂಡಿದ ಆಸೆಯೋ ಅಥವಾ ಬಸವಣ್ಣನವರಿಗೆ ತಮ್ಮ ವಿಷಯದಲ್ಲಿ ಬಂದ ಸಂದೇಹವೋ ಎಂದು ವಿಚಾರಿಸಿದಳು. ಅತಿಯಾಸೆಯು ಒಡೆತನದ ಗರ್ವವುಳ್ಳವರಿಗೆ ತಕ್ಕುದೇ ಹೊರತು ಶಿವನನ್ನು ನಂಬಿದವರಿಗೆ ತಕ್ಕುದಲ್ಲ; ನಿತ್ಯದ ಅಳತೆಗೆ ಮಿಕ್ಕುದು ಅಮರೇಶ್ವರಲಿಂಗಕ್ಕೆ ಸಲ್ಲದು; ಆದುದರಿಂದ ಹೆಚ್ಚಿನ ಅಕ್ಕಿಯನ್ನು ತಂದ ಸ್ಥಳದಲ್ಲಿಯೇ ಸುರಿದು ಬರಬೇಕು ಎಂಬುದು ಆಕೆಯ ತೀರ್ಮಾನವಾಯಿತು.

ಇಲ್ಲಿ ಸೂಕ್ಷ್ಮವಾಗಿ ಗಮನಿಸತಕ್ಕ ಅಂಶಗಳು ಮೂರು. ಮೊದಲನೆಯದು, ಆ ಅಕ್ಕಿಯು ಕಳವಿನದಲ್ಲ. ಎಂದಿನಂತೆ ನೆಲದಲ್ಲಿ ಬಿದ್ದುದೇ. ಆದರೂ ತಮ್ಮ ಅಗತ್ಯವನ್ನು ಮೀರಿದ್ದು ಮತ್ತೊಬ್ಬರ ಪಾಲೆಂಬ ವಿವೇಕವು ಲಕ್ಕಮ್ಮನಲ್ಲಿತ್ತು. ಎರಡನೆಯದು, ಆಕೆಯ ಮಾತಿನಲ್ಲಿ ಕೋಪವಿಲ್ಲ, ಹಂಗಿಸುವಿಕೆಯಿಲ್ಲ. ಮೊದಲು ಪ್ರಶ್ನೆ, ಅನಂತರ ಕಾರಣ, ಕೊನೆಗೆ ಮಾಡಬೇಕಾದ ಕಾರ್ಯ. ಈ ಕ್ರಮದಲ್ಲಿ ಆಕೆಯು ಮಾತನಾಡಿದಳು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಮಾರಯ್ಯನು ಹೋದನು. ಹೊತ್ತು ತಂದ ಅಕ್ಕಿಯನ್ನು ಮರಳಿ ಹೊತ್ತು, ಎಲ್ಲರೂ ನೋಡುವ ಅಂಗಳಕ್ಕೆ ಹೋಗಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಂದನು. ಹೆಂಡತಿಯ ಮಾತು ಕೇಳಿದನೆಂಬ ಅಪಹಾಸ್ಯಕ್ಕೆ ಅವನು ಅಂಜಲಿಲ್ಲ. ಹೇಳುವವಳ ಧೈರ್ಯವೊಂದೇ ಸಾಲದು. ಕೇಳುವವನ ವಿನಯವೂ ಬೇಕು. ಇವೆರಡೂ ಕೂಡಿದ ಮನೆಯಲ್ಲಿ ಮಾತ್ರ ಧರ್ಮವು ನೆಲಸುವುದು.

ಅಕ್ಕಿಯನ್ನು ಸುರಿದು ಬಂದ ಮೇಲೆ ಮಾರಯ್ಯನ ಕಣ್ಣಿಗೆ ಲಕ್ಕಮ್ಮನು ಬೇರೆಯೇ ಆಗಿ ಕಂಡಳು. ಇದುವರೆಗೆ ಅಡಿಗೆಯ ಒಲೆಯ ಮುಂದೆ ಕಂಡವಳಲ್ಲಿ ಅವನಿಗೆ ಅರಿವಿನ ಬೆಳಕು ಗೋಚರಿಸಿತು. ನಿಜದ ನೆಲೆಯನ್ನು ತನಗೆ ತಿಳಿಸಬೇಕೆಂದು ಅವನು ಆಕೆಯನ್ನೇ ಪ್ರಾರ್ಥಿಸಿದನು. ಸತಿಯು ಪತಿಗೆ ಬೋಧಿಸುವುದು ಲೋಕದ ರೂಢಿಗೆ ಸಲ್ಲುವುದೇ ಎಂಬ ಸಂಕೋಚವು ಆಕೆಗೆ ಸಹಜವಾಗಿತ್ತು. ಆದರೆ ಆ ಸಂಕೋಚವನ್ನು ಆಕೆಯು ತತ್ತ್ವದಿಂದಲೇ ದಾಟಿದಳು. ಸತಿ ಪತಿ ಎಂಬ ಹೆಸರುಗಳು ಕೂಡಿ ಬಾಳುವ ಬಾಳಿಗೆ ಮಾತ್ರ ಅನ್ವಯಿಸುವುವು, ಅರಿವಿಗೆ ಗಂಡು ಹೆಣ್ಣೆಂಬ ಬೇರೆ ಬೇರೆ ದೇಹಗಳಿಲ್ಲವೆಂಬ ಭಾವವು ಆಕೆಯ ವಚನವೊಂದರಲ್ಲಿ ಸ್ಪಷ್ಟವಾಗಿದೆ. ಓದಿನ ಹಕ್ಕು ಎಷ್ಟೋ ಸ್ತ್ರೀಯರಿಗೆ ದೊರೆಯದಿದ್ದ ಕಾಲದಲ್ಲಿ ಈ ವಿಚಾರವು ಹುಟ್ಟಿದ್ದು ಅಕ್ಕಿಯನ್ನು ಹಸನು ಮಾಡುವ ಮನೆಯಲ್ಲಿ ಎಂಬುದನ್ನು ನೆನೆದರೆ ಆಶ್ಚರ್ಯವೆನಿಸುವುದು.

ಬಡತನದ ವಿಷಯದಲ್ಲಿ ಲಕ್ಕಮ್ಮನ ಅಭಿಪ್ರಾಯವು ಅಷ್ಟೇ ವಿಚಾರಯೋಗ್ಯವಾಗಿದೆ. ಮನಸ್ಸು ಶುದ್ಧವಿಲ್ಲದವನಿಗೆ ದ್ರವ್ಯದ ಬಡತನ ಕಾಡುವುದು. ನಿರ್ಮಲವಾದ ಚಿತ್ತದಿಂದ ಕಾಯಕ ಮಾಡುವವನಿಗೆ ಸಂಪತ್ತು ತಾನಾಗಿ ಒದಗುವುದೆಂದು ಆಕೆಯು ನಂಬಿದ್ದಳು. ಕೈಯಲ್ಲಿ ಏನೂ ಇಲ್ಲದವಳು ತನ್ನನ್ನು ದರಿದ್ರಳೆಂದು ಕರೆದುಕೊಳ್ಳಲೇ ಇಲ್ಲ. ಕೈಲಾಸದ ವಿಷಯದಲ್ಲಿಯೂ ಆಕೆಯ ನಿಲುವು ಇದೇ. ಮಾಡುವ ಕಾಯಕವೂ ನೀಡುವ ದಾಸೋಹವೂ ಇರುವ ತನಕ ಬೇರೊಂದು ಪದವಿಯನ್ನು ಅರಸುವುದು ವ್ಯರ್ಥವೆಂದು ಆಕೆಯು ತಿಳಿದಿದ್ದಳು. ಇಂಥ ನಿರಪೇಕ್ಷೆಯಿಂದಲೇ ಆಕೆಯ ಮಾತಿಗೆ ಬಲ ಬಂದಿತು. ಏನನ್ನೂ ಬೇಡದವರ ಬಾಯನ್ನು ಯಾರೂ ಕಟ್ಟಲಾರರು.

ಆ ಬಳಿಕ ನಡೆದ ಮಹಾದಾಸೋಹದ ವೃತ್ತಾಂತವು ಶರಣಪರಂಪರೆಯಲ್ಲಿ ಬಹು ಪ್ರಸಿದ್ಧವಾಗಿದೆ. ಬಸವಣ್ಣನವರನ್ನೂ ಕಲ್ಯಾಣದ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರನ್ನೂ ತಮ್ಮ ಗುಡಿಸಲಿಗೆ ಆಮಂತ್ರಿಸಿದ ಈ ದಂಪತಿಗಳು, ಆಯ್ದು ತಂದ ಅಕ್ಕಿಯಿಂದಲೇ ಎಲ್ಲರನ್ನೂ ತೃಪ್ತಿಪಡಿಸಿದರೆಂದು ಪುರಾಣವು ಕೀರ್ತಿಸುವುದು. ಭಂಡಾರದ ಬಲದಿಂದ ನಡೆಯುವ ದಾಸೋಹಕ್ಕೂ ಆಯ್ದ ಅಕ್ಕಿಯಿಂದ ನಡೆಯುವ ದಾಸೋಹಕ್ಕೂ ಶಿವನ ದೃಷ್ಟಿಯಲ್ಲಿ ಭೇದವಿಲ್ಲವೆಂಬುದು ಈ ಪವಾಡದ ಅಂತರಾರ್ಥ. ರಾಜ್ಯದ ಭಂಡಾರಿಯು ಅಕ್ಕಿ ಆಯುವವಳ ಮನೆಗೆ ಅತಿಥಿಯಾಗಿ ಬಂದು ಕುಳಿತ ದಿನ, ಕೆಲಸದಲ್ಲಿ ಮೇಲು ಕೀಳೆಂಬುದು ಇಲ್ಲವೆಂಬ ತತ್ತ್ವವು ಎಲ್ಲರ ಕಣ್ಣಿಗೂ ಕಾಣುವಂತಾಯಿತು.

ಲಕ್ಕಮ್ಮನ ವಚನಗಳಲ್ಲಿ ಸುಮಾರು 25 ಇಂದಿಗೆ ಉಳಿದಿವೆ. ಶತಮಾನಗಳ ಕಾಲ ಅವು ತಾಳೆಗರಿಗಳಲ್ಲಿ, ಮಠಗಳ ಮತ್ತು ಮನೆಗಳ ಜಂತಿಯ ಕಟ್ಟುಗಳಲ್ಲಿ ಇದ್ದವು. ವಚನವಾಙ್ಮಯವು ಮರಳಿ ಜನರ ಕೈಗೆ ಬಂದುದರಲ್ಲಿ ವಿಜಯಪುರದ ಪಾಲು ಹಿರಿದು. ಈ ಊರಿನಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ಅಲೆದು ಕಟ್ಟುಗಳನ್ನು ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. 1964ರಲ್ಲಿ ಲಿಂಗೈಕ್ಯರಾಗುವವರೆಗೂ ಈ ಕಾಯಕವನ್ನು ಬಿಡಲಿಲ್ಲ. ಮುಂದೆ 1993ರಲ್ಲಿ ಕರ್ನಾಟಕ ಸರ್ಕಾರವು ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನಸಾಹಿತ್ಯವನ್ನು ಹೊರತಂದಾಗ ಐದನೆಯ ಸಂಪುಟವು ಶಿವಶರಣೆಯರಿಗೇ ಮೀಸಲಾಯಿತು. ಮೂವತ್ತಕ್ಕೂ ಮಿಕ್ಕ ತಾಯಂದಿರು ವಚನ ನುಡಿದ ಸಂಘವು ಕಲ್ಯಾಣದಲ್ಲಿತ್ತೆಂಬುದು ಆ ಮೂಲಕ ಎಲ್ಲರಿಗೂ ತಿಳಿಯಿತು.

ಹೀಗೆ ದೊರೆತ ಈ ಚರಿತ್ರೆಯನ್ನು ಪೂಜೆಯ ಕೋಣೆಯಲ್ಲಿ ಮಾತ್ರ ಇರಿಸಿದರೆ ಸಾಲದು. ಸ್ತ್ರೀಯರು ದುಡಿಯುವ ಎಡೆಗಳಿಗೆ ಅದನ್ನು ಒಯ್ಯಬೇಕು. ಬಬಲೇಶ್ವರ, ತಿಕೋಟಾ ಭಾಗದ ಜೈನಾಪುರದಂಥ ಹಳ್ಳಿಗಳಲ್ಲಿ ಹೊಲದ ಕೆಲಸದ ದೊಡ್ಡ ಭಾರವನ್ನು ಹೊತ್ತವರು ಹೆಣ್ಣುಮಕ್ಕಳು. ಕಳೆ ತೆಗೆಯುವವರು ಅವರು, ಹತ್ತಿ ಬಿಡಿಸುವವರು ಅವರು. ತಿಕೋಟಾ ಸೀಮೆಯು ದ್ರಾಕ್ಷಿಗೆ ಹೆಸರಾದ ಮೇಲೆ ಒಣದ್ರಾಕ್ಷಿಯನ್ನು ಆಯುವ ಕೆಲಸವೂ ಅವರ ಕೈಗೆ ಬಂದಿದೆ. ಕಡ್ಡಿ ಯಾವುದು, ಕಾಯಿ ಯಾವುದು, ಮೇಲಿನ ದರ್ಜೆಯ ಮಾಲು ಯಾವುದು ಎಂದು ಕಣ್ಣಳತೆಯಿಂದಲೇ ಹೇಳಬಲ್ಲವರು ಅಲ್ಲಿದ್ದಾರೆ. ಆದರೆ ಕೆಲಸದ ಕ್ರಮವನ್ನು ನಿಶ್ಚಯಿಸುವಾಗ, ಕೂಲಿಯ ಮಾತನ್ನು ಆಡುವಾಗ ಅವರನ್ನು ಕೇಳುವ ರೂಢಿಯು ಇನ್ನೂ ಎಲ್ಲ ಕಡೆಗೂ ಬಂದಿಲ್ಲ. ಕೆಲಸವನ್ನು ಬಲ್ಲವರ ಮಾತು ಕೇಳದ ಕಡೆ ಕೆಲಸವೂ ಕೆಡುವುದು, ನ್ಯಾಯವೂ ಕೆಡುವುದು.

ಅಧಿಕಾರದ ಪೀಠಗಳಾದರೋ ಈಗ ಸ್ತ್ರೀಯರಿಗೆ ತೆರೆದಿವೆ. 1983ರ ಶಾಸನದ ಮೇರೆಗೆ 1987ರಲ್ಲಿ ನಡೆದ ಚುನಾವಣೆಯಲ್ಲಿ ಕರ್ನಾಟಕದ ಪಂಚಾಯತಿಗಳಲ್ಲಿ ಮಹಿಳೆಯರಿಗೆ ನಾಲ್ಕನೆಯ ಒಂದು ಪಾಲು ಸ್ಥಾನ ದೊರೆಯಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ದೇಶದಲ್ಲೆಲ್ಲ ಮೂರನೆಯ ಒಂದು ಪಾಲನ್ನು ವಿಧಿಸಿತು. 2010ರಲ್ಲಿ ಕರ್ನಾಟಕವು ಅದನ್ನು ಅರ್ಧಕ್ಕೆ ಏರಿಸಿತು. ಇದು ಸಣ್ಣ ಬದಲಾವಣೆಯಲ್ಲ. ಆದರೂ ಅಧ್ಯಕ್ಷೆಯ ಹೆಸರು ಫಲಕದ ಮೇಲೆ, ಅಧ್ಯಕ್ಷೆಯ ಪತಿ ಕುರ್ಚಿಯ ಮೇಲೆ ಎಂಬ ಸ್ಥಿತಿಯು ಎಷ್ಟೋ ಊರುಗಳಲ್ಲಿ ಕಂಡುಬಂದಿದೆ. ಅಲ್ಲಿ ಕಾನೂನು ಕೊಟ್ಟುದನ್ನು ಮನೆಯು ಕಿತ್ತುಕೊಂಡಂತಾಯಿತು. ಅಂಥ ಮನೆಯ ಗಂಡಸರು ತಾವು ಮಾರಯ್ಯನ ಪರಂಪರೆಯವರೆಂದು ಹೇಳಿಕೊಳ್ಳುವ ಮುನ್ನ, ಅವನು ಮಡದಿಯ ಮಾತಿಗೆ ಗೌರವವಿತ್ತು ಅಕ್ಕಿಯನ್ನು ಮರಳಿ ಹೊತ್ತು ನಡೆದ ದಾರಿಯನ್ನು ಒಮ್ಮೆ ನೆನೆಯಬೇಕು.

ಶಾಲೆಯಲ್ಲಿ ಕಲಿಸುವ ಶಿಕ್ಷಕಿ, ಆಸ್ಪತ್ರೆಯ ದಾದಿ, ಬ್ಯಾಂಕಿನ ಗುಮಾಸ್ತೆ, ಸ್ವಸಹಾಯ ಸಂಘದ ಲೆಕ್ಕ ಬರೆಯುವ ಗೃಹಿಣಿ ಇವರಿಗೆಲ್ಲ ಲಕ್ಕಮ್ಮನ ಜೀವನವು ನೀಡುವ ಉಪದೇಶವು ಸರಳವಾದುದು. ಆತ್ಮವಿಶ್ವಾಸವೆಂಬುದು ದೊಡ್ಡ ದನಿಯಲ್ಲಿಲ್ಲ. ತನ್ನ ಕೆಲಸವನ್ನು ಬೇರುಸಹಿತ ಅರಿಯುವುದರಲ್ಲಿದೆ. ನಾಯಕತ್ವವೆಂಬುದು ಇತರರ ಮೇಲೆ ಅಪ್ಪಣೆ ಮಾಡುವುದಲ್ಲ. ವೇಳೆ ತಪ್ಪಿದಾಗ ನೆನಪಿಸುವುದು, ಅಳತೆ ಮೀರಿದಾಗ ತಡೆಯುವುದು. ಲೆಕ್ಕಕ್ಕಿಂತ ಹೆಚ್ಚಿನ ಹಣವು ಮೇಜಿನ ಮೇಲೆ ಬಂದಾಗ ಎಲ್ಲಿಂದ ಬಂದಿತೆಂದು ಕೇಳಿ, ಅಲ್ಲಿಗೇ ಮರಳಿಸಿರೆಂದು ಹೇಳಬಲ್ಲವಳು ಯಾವ ಹುದ್ದೆಯಲ್ಲಿದ್ದರೂ ನಾಯಕಿಯೇ. ಹಾಗೆ ಹೇಳಿದವಳಿಗೆ ಕೆಲವೊಮ್ಮೆ ನಿಂದೆಯೂ ಒಂಟಿತನವೂ ಒದಗಬಹುದು. ಆಗ ಆಕೆಯ ಬೆಂಬಲಕ್ಕೆ ನಿಲ್ಲುವುದು ಮನೆಯವರ, ಸಹೋದ್ಯೋಗಿಗಳ, ಸಮಾಜದ ಕರ್ತವ್ಯವಾಗಿರುವುದು. ಲಕ್ಕಮ್ಮನ ಹಿಂದೆ ಮಾರಯ್ಯನಿದ್ದನು. ಇಬ್ಬರ ಹಿಂದೆ ಶರಣರ ಸಂಘವಿತ್ತು.

ಮಹಾಮನೆಯ ಅಂಗಳವು ಇಂದಿಲ್ಲ; ಅಲ್ಲಿ ಚೆಲ್ಲಿದ ಅಕ್ಕಿಯೂ ಇಲ್ಲ. ಬಿಜ್ಜಳನ ಭಂಡಾರದಲ್ಲಿ ಎಷ್ಟು ಹೊನ್ನಿತ್ತೆಂಬುದನ್ನು ನೆನೆಯುವವರೂ ಇಲ್ಲ. ಒಂದು ಹಿಡಿ ಅಕ್ಕಿ ಹೆಚ್ಚಾಯಿತೆಂದು ಗುರುತಿಸಿದ ತಾಯಿಯ ಹೆಸರು ಮಾತ್ರ ಸುಮಾರು ಎಂಟುನೂರೈವತ್ತು ವರ್ಷಗಳಿಂದ ಕನ್ನಡಿಗರ ನಾಲಗೆಯ ಮೇಲಿದೆ. ಗೃಹಸ್ಥರು ತಮ್ಮ ಹೆಣ್ಣುಮಕ್ಕಳಿಗೆ ಈ ಚರಿತ್ರೆಯನ್ನು ಹೇಳಲಿ. ಗಂಡುಮಕ್ಕಳಿಗಂತೂ ತಪ್ಪದೆ ಹೇಳಲಿ.